ಕುದುರೆ ಚಿತ್ರದ ಬಾಟಲಿ

೧೪ ನವೆಂಬರ್ ೨೦೨೪, ಗುರುವಾರ

ಮೂಡಲಗಿಯಲ್ಲಿ ಅಣ್ಣನ ದಿನಕರ್ಮ ಮುಗಿಸಿ ಸಂಜೆ ಗೋಕಾಕಕ್ಕೆ ಬಂದೆ. ಮಾಳಪ್ಪ ಎಂಬ ಹೆಸರಿನ ಹಿಂದೆ ಇನ್ನು ‘ದಿವಂಗತ’ ಎಂದು ಸೇರಿಸಬೇಕಂತೆ. ಸೇರಿಸುವವರು ಸೇರಿಸಲಿ. ಇದು ನನ್ನ ದಿನಚರಿ, ಇಲ್ಲಿ ನನ್ನದೇ ಕಾಯ್ದೆ.

ಹತ್ತರಗಿಯ ಹತ್ತಿರ ನಸುಕಿನಲ್ಲಿ ಕುರಿಗಳನ್ನು ಹೆದ್ದಾರಿ ದಾಟಿಸುತ್ತಿದ್ದ. ಕುರಿಗಳೆಲ್ಲ ದಾಟಿದ್ದವು. ಹಿಂದೆ ಇವನೊಬ್ಬನೇ ಉಳಿದಿದ್ದ, ಲಾರಿ ಬಂತು. ಇದಕ್ಕಿಂತ ಹೆಚ್ಚು ಬರೆಯಲಾರೆ.

ಅವ್ವನಿಗೆ ಹೇಳಿಲ್ಲ. ಸೊಂಟದ ಎಲುಬು ಮುರಿದು ಆಪರೇಷನ್ ಆದಾಗಿನಿಂದ ಅವಳು ಬೆಲ್ಲದ ಬಾಗೇವಾಡಿಯಲ್ಲಿ ಅಕ್ಕ ಗೌರಕ್ಕನ ಮನೆಯಲ್ಲಿ ಮಂಚ ಹಿಡಿದಿದ್ದಾಳೆ. ಕಣ್ಣು ಹೋಗಿ ಬಹಳ ವರ್ಷಗಳಾದವು. ಈಗ ಎದೆಯೂ ಗಟ್ಟಿಯಿಲ್ಲ. ಸದ್ಯಕ್ಕೆ ಧಕ್ಕೆಯ ಸುದ್ದಿ ಕಿವಿಗೆ ಹಾಕಬೇಡಿ ಎಂದು ಡಾಕ್ಟರು ಅಂದರು. ಅಣ್ಣ ಕುರಿ ಹೊಡೆದುಕೊಂಡು ಮಿರಜದ ಕಡೆ ಹೋಗಿದ್ದಾನೆ ಎಂದು ಹೇಳುವುದೆಂದು ಅಕ್ಕ ಠರಾಯಿಸಿದಳು. ನಾನು ಗೋಣು ಹಾಕಿದೆ.

ಹೊರಡುವಾಗ ಅಣ್ಣನ ಹೆಂಡತಿ, ವೈನಿ ಸುಂದ್ರವ್ವ, ಅವನ ದಾಡಿ ಡಬ್ಬಿ ತಂದು ನನ್ನ ಮುಂದಿಟ್ಟಳು. “ಇದನ್ನ ನೀವ ಒಯ್ಯಿರಿ. ನನ್ನ ಕಣ್ಣಮುಂದ ಬ್ಯಾಡ” ಎಂದಳು. ಒಳಗೆ ಬ್ರಷ್ಷು, ರೇಜರು, ಒಡಕು ಕನ್ನಡಿ. ಜೊತೆಗೆ ಆ ಹಸಿರು ಗಾಜಿನ ಬಾಟಲಿ, ಮೇಲೆ ಜಿಗಿಯುವ ಕುದುರೆಯ ಚಿತ್ರ. ಕಾಲು ಭಾಗ ಉಳಿದಿದೆ.

ಈ ಬಾಟಲಿಯ ಮೇಲೆ ನನಗೂ ಅಣ್ಣನಿಗೂ ಆದ ವಾದಗಳಿಗೆ ಲೆಕ್ಕವಿಲ್ಲ. ಅಪ್ಪನಿಗೆ ಯಾರೋ ಕೊಲ್ಲಾಪುರದ ಉಣ್ಣೆ ವ್ಯಾಪಾರಿ ಇದರ ರುಚಿ ಹಚ್ಚಿಸಿದ. ಅಪ್ಪ ಹೋದ ಮೇಲೆ ಅಣ್ಣ ಹಿಡಿದುಕೊಂಡ. ಅಂಗೈಗೆ ನಾಲ್ಕು ಹನಿ ಸುರುವಿಕೊಂಡು ಎರಡೂ ಕೆನ್ನೆಗೆ ರಪ್ಪನೆ ಬಡಿದುಕೊಂಡು, ಉರಿಗೆ ಹಲ್ಲಿನ ಸಂದಿಯಿಂದ ಗಾಳಿ ಎಳೆದುಕೊಳ್ಳುತ್ತಿದ್ದ. ಕುರಿ ಕಾಯುವವನಿಗೆ ಆಫ್ಟರ್ ಶೇವ್ ಬೇಕೇ ಎಂದು ಊರು ನಗುತ್ತಿತ್ತು. ನಾನೂ ನಗುತ್ತಿದ್ದೆ. ಒಮ್ಮೆ ದುಬಾರಿ ಸ್ಪ್ರೇ ತಂದು ಕೊಟ್ಟೆ. ಅದನ್ನು ನಾಯಿಯ ಮೈಗೆ ಹೊಡೆದು, “ಚಲೋ ಐತೋ ಯಲ್ಲೇಶ, ಉಣ್ಣಿ ಎಲ್ಲಾ ಉದುರಿದುವು” ಎಂದ.

ರವಿವಾರ ಒಂದು ದಿನ ಮಾತ್ರ ಆ ಡಬ್ಬಿ ಮುಚ್ಚಿರುತ್ತಿತ್ತು. ನಮ್ಮ ಮನೆದೇವರು ಮೈಲಾರಲಿಂಗ, ಅದು ಅವನ ವಾರ. ಆ ದಿನ ಗಡ್ಡಕ್ಕೂ ಕುರಿಯ ಉಣ್ಣೆಗೂ ಕತ್ತಿ ತಾಕಿಸಬಾರದು. ನನಗೋ ಸಾವಕಾಶ ಗಡ್ಡ ಮಾಡಿಕೊಳ್ಳಲು ಸಿಗುವುದೇ ರವಿವಾರ. ದೇವರು ನನ್ನ ಕೂದಲು ಎಣಿಸುತ್ತ ಕೂತಿಲ್ಲ ಎನ್ನುತ್ತಿದ್ದೆ. ಅವ್ವ ಬೈಯುತ್ತಿದ್ದಳು, ಅಣ್ಣ ಬಿಳಿ ಕೂಳೆ ಎದ್ದ ಮುಖ ಹೊತ್ತು ನಗುತ್ತಿದ್ದ.

ಡಬ್ಬಿಯನ್ನು ಕಪಾಟಿನ ಮೇಲೆ ಇಟ್ಟಿದ್ದೇನೆ. ನಾಳೆ ಶಾಲೆಗೆ ಹೋಗಬೇಕು. ಎಂಟನೆಯವರಿಗೆ ಆಮ್ಲ, ಪ್ರತ್ಯಾಮ್ಲ.

೧೭ ನವೆಂಬರ್, ರವಿವಾರ

ಏನು ಮಾಡಿ ಬಂದೆನೋ ನನಗೇ ತಿಳಿಯುತ್ತಿಲ್ಲ.

ಬೆಳಿಗ್ಗೆ ಅಣ್ಣನ ಡಬ್ಬಿ ತೆಗೆದು ಗಡ್ಡ ಮಾಡಿಕೊಂಡೆ. ಯಾಕೆಂದು ಕೇಳಬಾರದು, ಕೈಗೆ ಅದೇ ಸಿಕ್ಕಿತು. ಬಾಟಲಿಯಿಂದ ನಾಲ್ಕು ಹನಿ ಹಚ್ಚಿಕೊಂಡೆ. ಹುಕ್ಕೇರಿ ಬಸ್ಸು ಹಿಡಿದು ಬಾಗೇವಾಡಿಗೆ ಹೋದೆ. ದಾರಿಯುದ್ದಕ್ಕೂ ಮಿರಜದ ಸುಳ್ಳನ್ನು ಪಾಠದ ಹಾಗೆ ಬಾಯಿಪಾಠ ಮಾಡಿಕೊಂಡಿದ್ದೆ.

ಅವ್ವ ಪಡಸಾಲೆಯ ಮಂಚದ ಮೇಲೆ ಒರಗಿದ್ದಳು. ನಾನು ಹತ್ತಿರ ಹೋಗುತ್ತಲೇ ಮೂಗು ಎತ್ತಿದಳು. ಕಣ್ಣಿಲ್ಲದ ಆ ಮುಖ ಬೆಳಗಿತು. ಅಂಥ ಬೆಳಕನ್ನು ನಾನು ಬಂದಾಗ ಎಂದೂ ನೋಡಿರಲಿಲ್ಲ. ಸ್ವಲ್ಪ ತಡೆದು ಕೇಳಿದಳು.

“ಮಾಳಪ್ಪಾ?”

ಅಲ್ಲ ಎನ್ನಲು ಬಾಯಿ ತೆರೆದೆ. “ಹೂಂ ಯವ್ವಾ” ಎಂದು ಬಂತು.

ಬಾಗಿಲಲ್ಲಿ ನಿಂತಿದ್ದ ಗೌರಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡು ಒಳಗೆ ಓಡಿದಳು. ಅವ್ವ ಕೈ ಚಾಚಿ ನನ್ನ ಕೈ ಹಿಡಿದುಕೊಂಡಳು. ನನ್ನ ಬೆರಳುಗಳನ್ನು ಒಂದೊಂದಾಗಿ ಸವರಿದಳು.

“ಕುರಿ ಎಲ್ಲಿ ಬಿಟ್ಟ ಬಂದಿ?”

“ಹೊಲದಾಗ ತರುಬೇನಿ.”

“ಎಲ್ಲಾ ಆರಾಮ ಅದಾವಿಲ್ಲೋ?”

“ಎಲ್ಲಾ ಆರಾಮ ಅದಾವ.”

ಆಮೇಲೆ ಗೋಡೆಯ ಕಡೆ ಹೊರಳಿ ಮಲಗಿದಳು. ಊಟ ಬೇಡ ಎಂದಳು. ಆಯಾಸವಾಗಿರಬೇಕು. ನಾನು ಹೊರಡುವಾಗ ಮಾತ್ರ, ಗೋಡೆಯ ಕಡೆ ಮುಖ ಇಟ್ಟುಕೊಂಡೇ, “ಮುಂದಿನ ರವಿವಾರ ಬರ್ತಿಯಲ್ಲ?” ಎಂದು ಕೇಳಿದಳು. ಬರ್ತೇನಿ ಎಂದೆ.

ಅಕ್ಕ ಬಸ್ಸಿನ ತನಕ ಬಂದು ಬೈದಳು, ಅತ್ತಳು, ಕೊನೆಗೆ “ಇರ್ಲಿ ಬಿಡು. ಒಂದ ನಾಕ ದಿನ ಜೀವಕ್ಕ ಸಮಾಧಾನ” ಎಂದಳು. ನಾನು ಅಳಲಿಲ್ಲ. ಮಣ್ಣು ಮಾಡಿದ ದಿನವೂ ಅತ್ತಿಲ್ಲ. ನಮ್ಮ ಮನೆಯಲ್ಲಿ ಒಬ್ಬರಾದರೂ ನೆಟ್ಟಗೆ ನಿಲ್ಲಬೇಕಲ್ಲ.

೨೪ ನವೆಂಬರ್, ರವಿವಾರ

ಮತ್ತೆ ಮಾಳಪ್ಪನಾಗಿ ಹೋಗಿ ಬಂದೆ. ಅಣ್ಣ ಒಯ್ಯುತ್ತಿದ್ದಂತೆ ಹಸಿ ಶೇಂಗಾ ಒಯ್ದೆ. ಸಿಪ್ಪೆ ಸುಲಿದು ಕೊಟ್ಟರೆ ಅವ್ವ ಒಂದೊಂದೇ ಕಾಳು ಬಾಯಿಗೆ ಹಾಕಿಕೊಂಡಳು. ಧ್ವನಿಯ ಚಿಂತೆ ಇತ್ತು. ಆದರೆ ನಮ್ಮಿಬ್ಬರದೂ ಅಪ್ಪನದೇ ಗೊಗ್ಗರು ಧ್ವನಿ, ಮಾತು ಕಡಿಮೆ ಮಾಡಿದರೆ ನಡೆಯುತ್ತದೆ.

ಇವತ್ತು ಅವಳು ನನ್ನ ಸುದ್ದಿ ತೆಗೆದಳು. “ನಿನ್ನ ತಮ್ಮ ಹೆಂಗದಾನ?”

“ಆರಾಮ ಅದಾನ. ಸಾಲಿ, ಮನಿ.”

“ಅವನ ಕಡೆ ಲಕ್ಷ್ಯ ಇಡೋ ಮಾಳಪ್ಪ. ಸಣ್ಣಾಂವ ಇದ್ದಾಗ ಕುರಿಮರಿ ಸತ್ತ್ರ ಮಂದಿ ಮುಂದ ನಗ್ತಿದ್ದ, ಆಮ್ಯಾಲ ಕೊಟ್ಟಿಗ್ಯಾಗ ಹೊಕ್ಕು ಅಳ್ತಿದ್ದ. ಯಾರಿಗೂ ಗೊತ್ತಿಲ್ಲ ಅಂತ ತಿಳಕೊಂಡಿದ್ದ. ನಾ ಬಾಗಲದಾಗ ನಿಂತಿರ್ತಿದ್ದೆ.”

ನನಗೆ ಇದು ಗೊತ್ತೇ ಇರಲಿಲ್ಲ. ಇಷ್ಟು ವರ್ಷಗಳಲ್ಲಿ ಒಂದು ಸಲವಾದರೂ ನನ್ನ ಎದುರಿಗೆ ಹೇಳಿದ್ದರೆ ಅವಳ ಗಂಟೇನು ಹೋಗುತ್ತಿತ್ತು? ಎಲ್ಲವನ್ನೂ ಅಣ್ಣನಿಗೇ ಹೇಳುತ್ತಾಳೆ. ಸತ್ತ ಮೇಲೂ ಅವನಿಗೇ.

೨ ಡಿಸೆಂಬರ್, ಸೋಮವಾರ

ಶಾಲೆಗೂ ಅದನ್ನೇ ಹಚ್ಚಿಕೊಂಡು ಹೋದೆ. ಸ್ಟಾಫ್ ರೂಮಿನಲ್ಲಿ ಹೆಡ್‌ಮಾಸ್ತರರು ನನ್ನನ್ನು ದಾಟಿ ಹೋದವರು ಹಾಗೇ ಹಿಂದಕ್ಕೆ ಬಂದರು. “ಇದ ಕುದುರಿ ಬಾಟ್ಲಿ ಅಲ್ಲೇನ್ರಿ? ನಮ್ಮಪ್ಪ ಗಿರಣಿಗೆ ಹೋಗಬೇಕಾದ್ರ ಹಚ್ಕೋತಿದ್ದ. ಇನ್ನೂ ಸಿಗತೈತಿ?” ಎಂದರು. ಸಿಡುಕು ಮನುಷ್ಯ. ಇವತ್ತು ಯಾರ ಮೇಲೂ ಸಿಡುಕಲಿಲ್ಲ.

ವಿಜ್ಞಾನದ ಮಾಸ್ತರನಾಗಿ ನೋಡಿದರೆ ಇದರಲ್ಲಿ ಮಹಾ ಏನೂ ಇಲ್ಲ. ಸ್ಪಿರಿಟ್ಟು ಆರುವಾಗ ಕೆನ್ನೆ ತಣ್ಣಗಾಗುತ್ತದೆ. ಮೊದಲು ನಿಂಬೆ, ಕರ್ಪೂರ ಬಂದು ಹೋಗುತ್ತವೆ. ಲವಂಗ ಮಧ್ಯಾಹ್ನದವರೆಗೆ ನಿಲ್ಲುತ್ತದೆ. ಅದರ ಕೆಳಗೆ ನೆನೆದ ಕಟ್ಟಿಗೆಯಂಥದ್ದು ಒಂದಿದೆ, ಅದು ಅಂಗಿಯ ಕಾಲರಿನಲ್ಲಿ ಮರುದಿನವೂ ಇರುತ್ತದೆ. ಈಗಿನ ಸ್ಪ್ರೇಗಳು ನಮಗಿಂತ ಮೊದಲು ಕೋಣೆಯೊಳಗೆ ನುಗ್ಗುತ್ತವೆ. ಇದು ಹತ್ತಿರ ಬಂದವರಿಗೆ ಮಾತ್ರ. ಅಣ್ಣನಿಗೆ ಇದನ್ನು ಒಪ್ಪಿಕೊಂಡು ಹೇಳಿದ್ದರೆ ಕುಣಿದಾಡುತ್ತಿದ್ದ.

ಹೆಂಡತಿ ವಿಜಯಲಕ್ಷ್ಮಿ ನನ್ನನ್ನೇ ನೋಡುತ್ತ, “ಈಗೀಗ ಚಹಾ ಬಸಿಯೊಳಗ ಹಾಕ್ಕೊಂಡ ಕುಡ್ಯಾಕತ್ತೀರಿ. ಕುರ್ಚಿ ಬಿಟ್ಟು ಹೊಸ್ತಿಲದಾಗ ಕುಕ್ಕರಗಾಲಿಲೆ ಕೂಡ್ತೀರಿ” ಎಂದಳು. ಚಹಾ ಬಿಸಿ ಇತ್ತು, ಹೊರಗೆ ಗಾಳಿ ಇತ್ತು. ಹೆಂಗಸರಿಗೆ ಎಲ್ಲದರಲ್ಲೂ ಒಂದು ಅರ್ಥ ಬೇಕು.

೧೨ ಡಿಸೆಂಬರ್, ಗುರುವಾರ

ಕುರಿಗಳನ್ನು ಯಾರಿಗೆ ಒಪ್ಪಿಸುವುದೆಂದು ಮಾತಾಡಲು ಮೂಡಲಗಿಗೆ ಹೋಗಿದ್ದೆ. ವೈನಿ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ನಾನು ಹೊಸ್ತಿಲು ದಾಟಿದೆ. ಬಡಿಯುವ ಸದ್ದು ನಿಂತಿತು. ಹಿಟ್ಟಿನ ಕೈಯಲ್ಲಿ ಓಡಿ ಬಂದಳು. ನನ್ನನ್ನು ನೋಡಿ ಗೋಡೆ ಹಿಡಿದುಕೊಂಡು ಕುಸಿದಳು.

“ಅದನ್ನ ಹಚ್ಕೊಂಡು ನನ್ನ ಮನಿಗೆ ಬರಬ್ಯಾಡ್ರಿ. ನಿಮ್ಮ ಕಾಲ ಬೀಳ್ತೇನಿ.”

ಹಾಗೆಯೇ ವಾಪಸು ಬಂದೆ. ಕುರಿಗಳ ಮಾತು ಉಳಿಯಿತು. ನನ್ನ ಎದೆಯೊಳಗೆ ಏನೋ ಕಲ್ಲು ಇಟ್ಟಂತಾಗಿದೆ.

೨೨ ಡಿಸೆಂಬರ್, ರವಿವಾರ

ಬಾಟಲಿಯ ತಳ ಕಾಣುತ್ತಿದೆ. ನಿನ್ನೆ ಸಂಕೇಶ್ವರಕ್ಕೆ ಹೋದೆ. ಅಣ್ಣ ಕೊಳ್ಳುತ್ತಿದ್ದ ಅಂಗಡಿ ಲಕ್ಷ್ಮಣ ಎಂಬವರದು, ಮಾಲು ಕೊಲ್ಲಾಪುರದಿಂದ ಬರುತ್ತದೆ. ಅವರು ಮೇಲಿನ ಫಳಿಯಿಂದ ಒಂದು ಪ್ಲಾಸ್ಟಿಕ್ ಬಾಟಲಿ ಇಳಿಸಿದರು. ಕುದುರೆ ಇತ್ತು, ಆದರೆ ನಾಯಿಮರಿಯಂತೆ ಕಾಣುವಷ್ಟು ಸಣ್ಣದು.

“ಗಾಜಿಂದು ಬಂದ್ ಮಾಡ್ಯಾರ್ರಿ ಸರ್. ಒಳಗಿನ ಮಾಲೂ ಒಂದೀಟ ಬದಲ ಮಾಡ್ಯಾರ. ಆದ್ರೂ ಗಿರಾಕಿ ಬಿಟ್ಟಿಲ್ಲ ನೋಡ್ರಿ. ಹುಡುಗರೂ ಬರ್ತಾರ. ಅಪ್ಪ ಹಚ್ತಿದ್ದ, ಅಜ್ಜ ಹಚ್ತಿದ್ದ, ಅದ ಕೊಡ್ರಿ ಅಂತಾರ. ಮೂಸಿ ನೋಡಿ, ಅದಲ್ಲ ಇದು ಅಂತಾರ. ಅಂದ್ರೂ ಒಯ್ತಾರ.”

ನಾನೂ ಮೂಸಿದೆ. ಅದಲ್ಲ ಅದು. ನಾನೂ ಒಯ್ದೆ.

ರಾತ್ರಿ ಅಡುಗೆಮನೆಯಿಂದ ಲವಂಗ ಕದ್ದು ಅದರಲ್ಲಿ ನೆನೆಹಾಕಿದೆ. ಕರ್ಪೂರದ ಚೂರು ಸೇರಿಸಿದೆ. ಬೆಳಿಗ್ಗೆ ಹಚ್ಚಿಕೊಂಡರೆ ಗುಡಿಯ ಪೂಜಾರಿಯಂತೆ ಘಮಘಮಿಸಿದೆ. ಅವ್ವ ಮೂಗು ಎತ್ತಿ, “ಇವತ್ತ ಬ್ಯಾರೆ ಐತಿ” ಎಂದಳು.

“ಹೊಸಾ ಬಾಟ್ಲಿ ಯವ್ವಾ.”

“ಹಳೇದು ಖಾಲಿ ಆತೇನು?”

“ಇನ್ನೊಂದೀಟ ಐತಿ.”

“ಉಳಿಸಿ ಇಡು. ಅದನ್ನ ಮುಟ್ಟಬ್ಯಾಡ.”

ಕುರುಡಿಯಾದರೂ ಎಂಥ ಹಟ ನೋಡು, ಬಾಟಲಿಯ ಮೇಲೂ ಕಾಳಜಿ. ಆಮೇಲೆ ಮೆಲ್ಲಗೆ, “ಯಲ್ಲೇಶ ಬರಲಿಲ್ಲಲ್ಲೋ. ಒಂದ ಸಲ ಬಂದು ಹೋಗು ಅನ್ನು. ನಾ ಬೈಯೂದಿಲ್ಲ ಅನ್ನು” ಎಂದಳು.

ಹೇಳ್ತೇನಿ ಎಂದೆ. ಯಾರಿಗೆ ಹೇಳಲಿ? ಅಣ್ಣ ಎದ್ದು ಹೋಗದೆ ನಾನು ಹೇಗೆ ಬರಲಿ?

೫ ಜನವರಿ ೨೦೨೫, ರವಿವಾರ

ಅಕ್ಕನೊಡನೆ ಜಗಳ. ಎದೆ ಈಗ ಸುಧಾರಿಸಿದೆ, ಹೇಳಬಹುದು ಎಂದು ಡಾಕ್ಟರು ಅಂದರಂತೆ. ನಾನು ಬೇಡ ಎಂದೆ. ಯುಗಾದಿಯ ತನಕ ನೋಡೋಣ ಎಂದೆ. ಅವ್ವ ಸತ್ತರೆ ನೀನು ಹೊಣೆಯಾಗುತ್ತೀಯಾ ಎಂದು ಕೂಗಾಡಿದೆ.

“ಅವ್ವ ಸಾಯೂದಿಲ್ಲೋ. ನೀನ ಅಂಜಾಕತ್ತಿ” ಎಂದಳು.

ನನಗೆ ಅಂಜಿಕೆ ಎಂಥದು? ಸಿಟ್ಟಿನಲ್ಲಿ ಉಣ್ಣದೆ ಬಂದೆ.

೧೨ ಜನವರಿ, ರವಿವಾರ

ಹೋದೆ. ಶೇಂಗಾ ತಿಂದಳು. ಬಂದೆ.

೧೯ ಜನವರಿ, ರವಿವಾರ. ಬೆಲ್ಲದ ಬಾಗೇವಾಡಿ

ಇವತ್ತು ಇಲ್ಲೇ ಉಳಿದಿದ್ದೇನೆ. ಅಕ್ಕನ ಮಗಳ ನೋಟುಬುಕ್ಕಿನಿಂದ ಹಾಳೆ ಹರಿದುಕೊಂಡು ಬರೆಯುತ್ತಿದ್ದೇನೆ, ಗೋಕಾಕಕ್ಕೆ ಹೋದ ಮೇಲೆ ದಿನಚರಿಗೆ ಅಂಟಿಸಬೇಕು.

ನಾನು ಬಂದಾಗ ಗೌರಕ್ಕ ದೇವರಿಗೆ ಭಂಡಾರದ ಅರಿಶಿನ ಏರಿಸಿ, ಹೊಲಕ್ಕೆ ಬುತ್ತಿ ಒಯ್ದಿದ್ದಳು. ಅವ್ವ ಮತ್ತು ನಾನು ಇಬ್ಬರೇ. ಮಂಚದ ಅಂಚಿಗೆ ಕೂತು ಶೇಂಗಾ ಸುಲಿಯತೊಡಗಿದೆ.

“ಇವತ್ತ ಯಾವ ವಾರ?” ಎಂದಳು.

“ರವಿವಾರ ಯವ್ವಾ.”

“ಮಾಳಪ್ಪ ರವಿವಾರ ದಾಡಿ ಮಾಡ್ಕೋತಿದ್ದನೇನೋ?”

ಕೈಯಲ್ಲಿದ್ದ ಕಾಳು ಕೆಳಗೆ ಬಿತ್ತು.

“ದೇವರ ವಾರ ಕತ್ತಿ ಹಚ್ಚಾಂವ ನಮ್ಮ ಮನ್ಯಾಗ ನೀ ಒಬ್ಬನ, ಯಲ್ಲೇಶ.”

ಅವಳು ಸಿಟ್ಟು ಮಾಡಲಿಲ್ಲ. ನನ್ನ ಮೊಣಕಾಲ ಮೇಲೆ ಕೈ ಇಟ್ಟುಕೊಂಡು, ಬೇರೆ ಯಾರದೋ ಮನೆಯ ಸುದ್ದಿ ಹೇಳುವವಳಂತೆ ಹೇಳಿದಳು.

“ಮೊದಲನೇ ದಿನಾ ವಾಸನಿ ಬಂದ ಕೂಡಲೆ ಎದಿ ಹಾರಿತು, ಬಂದ ನನ್ನ ಮಗ ಅಂತ. ಮರುಗಳಿಗಿ ನೆನಪಾತು, ಮುಂಜಾನೆ ಗೌರಿ ನನ್ನ ಹಣಿಗೆ ಭಂಡಾರ ಹಚ್ಚ್ಯಾಳ, ಇವತ್ತ ರವಿವಾರ. ಮಾಳಪ್ಪ ಇವತ್ತ ಹೆಂಗ ಹಚ್ಕೊಂಡಾನು? ಅದಕ್ಕ ಕೇಳಿದೆ. ಅಲ್ಲ ಯವ್ವಾ, ನಾ ಯಲ್ಲೇಶ ಅಂತಿ ಅಂತ ಕಾದೆ. ನೀ ಹೂಂ ಅಂದಿ. ನಿಮ್ಮಣ್ಣ ಇದ್ದಿದ್ರ ನೀ ಹೂಂ ಯಾಕ ಅಂತಿದ್ದಿ?”

ಗೋಡೆಯ ಕಡೆ ಹೊರಳಿ ಮಲಗಿದ ಆ ಬೆನ್ನು ಈಗ ಕಣ್ಣಮುಂದೆ ಬಂತು. ಆಯಾಸವಾಗಿರಬೇಕು ಎಂದು ಬರೆದಿದ್ದೇನೆ. ಎರಡು ತಿಂಗಳು ಅವಳು ಎಲ್ಲವನ್ನೂ ಬಲ್ಲವಳಾಗಿ ನನ್ನ ಕೈಯಿಂದ ಕಾಳು ತಿಂದಿದ್ದಾಳೆ. ಕುರಿಮರಿಯ ಮಾತು, ಕೊಟ್ಟಿಗೆಯ ಬಾಗಿಲಲ್ಲಿ ನಿಂತ ಮಾತು, ಬೈಯುವುದಿಲ್ಲ ಬಾ ಎಂಬ ಮಾತು, ಎಲ್ಲವನ್ನೂ ನನಗೇ ಹೇಳಿದ್ದಳು.

“ಮತ್ತ ಯಾಕ ಸುಮ್ಮನಿದ್ದಿ ಯವ್ವಾ?”

“ನೀ ಹಬ್ಬಕ್ಕ ಹುಣ್ಣಿಮಿಗೆ ಬರಾಂವ. ಮಾಳಪ್ಪ ಅಂತ ಕರದ್ರ ವಾರಾವಾರಾ ಬಂದಿ. ಒಬ್ಬಾಂವ ಹೋದ. ಗೊತ್ತಾಗೇತಿ ಅಂದ್ರ ಇನ್ನೊಬ್ಬನೂ ಹೋಗ್ತಾನ ಅಂತ ಅಂಜಿದೆ.”

ನಾನು ಅವಳ ಹೊಟ್ಟೆಯ ಮೇಲೆ ತಲೆ ಇಟ್ಟೆ. ಅವಳು ಕೂದಲಲ್ಲಿ ಕೈ ಆಡಿಸಿದಳು. ಹೇಗಾಯಿತು ಎಂದು ಕೇಳಿದಳು. ಹತ್ತರಗಿ, ಹೆದ್ದಾರಿ, ಲಾರಿ, ಎಲ್ಲ ಹೇಳಿದೆ. ಕುರಿಗಳೆಲ್ಲ ದಾಟಿದ್ದನ್ನೂ ಹೇಳಿದೆ. ಅವಳ ಎದೆ ನಿಲ್ಲಲಿಲ್ಲ. ಹೊಟ್ಟೆ ಮಾತ್ರ ನನ್ನ ಕೆನ್ನೆಯ ಕೆಳಗೆ ನಡುಗುತ್ತಿತ್ತು.

“ಈಗ ಸಾಕಾತೋ ಯಲ್ಲೇಶ. ನಾ ಇನ್ನೂ ಅತ್ತಿಲ್ಲ. ನನ್ನ ಹೊಟ್ಟಿಲೆ ಹುಟ್ಟಿದಾಂವಗ ನಾಕ ಮಂದಿ ಹೆಂಗಸರನ ಕೂಡಿಸ್ಕೊಂಡು ಹಾಡ್ಯಾಡಿ ಅಳಲಿಲ್ಲ. ನೀವು ಅಂಜ್ತೀರಂತ ನಕ್ಕೋತ ಕುಂತೆ. ಹಳೇ ಬಾಟ್ಲ್ಯಾಗ ಒಂದೀಟ ಉಳದೈತಿಲ್ಲೋ?”

“ಐತಿ. ಡಬ್ಬಿ ಸಮೇತ ಚೀಲದಾಗ ಐತಿ.”

“ನಾಳೆ ಸೋಮವಾರ. ನಾಳೆ ದಾಡಿ ಮಾಡ್ಕೊಂಡು ಅದನ್ನ ಹಚ್ಕೊ. ಸೋಮವಾರ ಆದ್ರ ಅದು ಅವನ ವಾಸನಿ.”

ಹೆಡ್‌ಮಾಸ್ತರರಿಗೆ ಫೋನು ಮಾಡಿ ರಜೆ ಹೇಳಿದೆ. ಮೂಡಲಗಿಗೆ ಫೋನು ಮಾಡಿ ಅವ್ವ ಅಂದದ್ದನ್ನು ವೈನಿಗೂ ತಿಳಿಸಿದೆ. ಅವಳು, “ಮೊದಲನೇ ಬಸ್ಸಿಗೆ ಬರ್ತೇನ್ರಿ” ಎಂದಳು.

೨೦ ಜನವರಿ, ಸೋಮವಾರ

ಅಂಗಳದಲ್ಲಿ ಕೂತು ಅಣ್ಣನ ಬ್ರಷ್ಷಿನಿಂದ ನೊರೆ ಎಬ್ಬಿಸಿದೆ. ಗೌರಕ್ಕ ಒಡಕು ಕನ್ನಡಿ ಹಿಡಿದು ನಿಂತಳು. ಅದರಲ್ಲಿ ನನ್ನ ಮುಖ ಎರಡು ಮೂರಾಗಿ ಕಾಣುತ್ತಿತ್ತು, ಗದ್ದಕ್ಕೆ ಬ್ಲೇಡು ತಾಗಿತು. ಬಾಟಲಿಯನ್ನು ಬೋರಲು ಹಿಡಿದು ಕಾದೆ. ಹನಿಗಳು ನಿಧಾನವಾಗಿ ಇಳಿದವು. ಎರಡೂ ಕೆನ್ನೆಗೆ ಬಡಿದುಕೊಂಡೆ. ಗಾಯದ ಮೇಲೆ ಉರಿ ಹತ್ತಿ, ಹಲ್ಲಿನ ಸಂದಿಯಿಂದ ಗಾಳಿ ಎಳೆದುಕೊಂಡೆ. ಆ ಸದ್ದು ಕೇಳಿ ವೈನಿ ಸೆರಗು ಮುಖಕ್ಕೆ ಒತ್ತಿಕೊಂಡಳು. ಆದರೆ ಬೇಡ ಎನ್ನಲಿಲ್ಲ. ಎದ್ದು ಬಂದು, ನನ್ನ ಮುಂದೆ ಅವ್ವನ ಮಂಚದ ತನಕ ತಾನೇ ನಡೆದಳು.

ಓಣಿಯ ಹೆಂಗಸರು ಬಂದು ಸುತ್ತ ಕೂತಿದ್ದರು. ನಾನು ಅವ್ವನ ಮುಂದೆ ಮಂಡಿಯೂರಿದೆ. ಅವಳು ಎರಡೂ ಕೈಯಿಂದ ನನ್ನ ಮುಖ ಹಿಡಿದು ಒಂದು ಕೆನ್ನೆ ಮೂಸಿದಳು, ಇನ್ನೊಂದು ಕೆನ್ನೆ ಮೂಸಿದಳು. ಆಮೇಲೆ ದನಿ ಎತ್ತಿದಳು.

“ಕುರಿ ಎಲ್ಲಾ ದಾಟಿಸಿ ನೀ ಯಾಕ ಹಿಂದ ಉಳದ್ಯೋ ನನ ಮಗನ, ನಿನ್ನ ದಾಟಸಾಕ ನಾ ಇರಲಿಲ್ಲಲ್ಲೋ ನನ ಮಾಳಪ್ಪಾ...”

ವೈನಿ ಅದನ್ನು ಎತ್ತಿಕೊಂಡಳು, ಅಕ್ಕ ಎತ್ತಿಕೊಂಡಳು. ಅಪ್ಪನ ಹೆಸರು ಬಂತು, ಅವನು ಹುಟ್ಟಿದ ದಿನ ಬಂತು, ನಾಯಿಗೆ ಸ್ಪ್ರೇ ಹೊಡೆದದ್ದೂ ಬಂತು. ನನ್ನೊಳಗಿನ ಕಲ್ಲು ಯಾವಾಗ ಕದಲಿತೋ ಗೊತ್ತಿಲ್ಲ. ಮಂದಿಯ ಮುಂದೆ, ಕೊಟ್ಟಿಗೆ ಇಲ್ಲದೆ, ಬಾಯಿ ಬಿಟ್ಟು ಅತ್ತೆ. ಅಣ್ಣಾ ಎಂದು ಕೂಗಿದ್ದು ನಾನೇ ಎಂದು ಆಮೇಲೆ ತಿಳಿಯಿತು.

ಬಿಸಿಲು ಏರಿದ ಮೇಲೆ ಹೆಂಗಸರು ಒಬ್ಬೊಬ್ಬರೇ ಎದ್ದು ಹೋದರು. ಅವ್ವನ ದನಿ ಬಿದ್ದುಹೋಗಿತ್ತು. ಸೆರಗಿನ ಚುಂಗನ್ನು ನೀರಲ್ಲಿ ಅದ್ದಿ ನನ್ನ ಮುಖ ಒರೆಸಿದಳು. ಎರಡೂ ಕೆನ್ನೆ, ಗದ್ದ, ಕಿವಿಯ ಹಿಂದೆ, ಏನೂ ಉಳಿಯದ ಹಾಗೆ ತಿಕ್ಕಿ ತಿಕ್ಕಿ ಒರೆಸಿದಳು. ಹತ್ತಿರಕ್ಕೆ ಎಳೆದುಕೊಂಡು ಮತ್ತೊಮ್ಮೆ ಮೂಸಿ ನೋಡಿದಳು.

“ಯಲ್ಲೇಶಾ,” ಎಂದಳು, “ಹಸದೀಯೇನೋ?”